ಆಯುಧಪೂಜೆಗೆ ತಿಕ್ಕಿದ ತಟ್ಟೆಗಳು

ವಸಿಷ್ಠನಿಗೆ ತನ್ನ ಕಂಪನಿಯ ಬಗ್ಗೆ ಗೊತ್ತಿದ್ದದ್ದು ಅದರ ಹೆಸರು, ಬೋರ್ಡಿನ ಬಣ್ಣ ಮತ್ತು ವಿಸಿಟಿಂಗ್ ಕಾರ್ಡಿನ ದಪ್ಪ, ಅಷ್ಟೇ. ಜಯನಗರದಲ್ಲಿ ಹುಟ್ಟಿ ಬೆಳೆದವನು, ಅಪ್ಪ ಬಿಟ್ಟುಹೋದ ಬನಶಂಕರಿಯ ಶೆಡ್ಡಿನಲ್ಲಿ ಕೊಳಕು ನೀರನ್ನು ಕರೆಂಟಿನಿಂದ ಶುದ್ಧ ಮಾಡುವ ಯಂತ್ರ ತಯಾರಿಸುತ್ತೇನೆಂದು ಹೊರಟಿದ್ದ. ತಯಾರಿಸುತ್ತಿದ್ದವಳು ಶೈಲಶ್ರೀ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದು, ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದಿದ್ದವಳು. ಯಜಮಾನನ ಬುದ್ಧಿವಂತಿಕೆಯ ಬಗ್ಗೆ ಅವಳಿಗೆ ಸೇರಿದ ಮೊದಲ ವಾರದಲ್ಲೇ ಯಾವ ಭ್ರಮೆಯೂ ಉಳಿದಿರಲಿಲ್ಲ.

ಆದರೂ ಕೆಲಸ ಬಿಡದಿರಲು ಒಂದು ಕಾರಣವಿತ್ತು. ಅವಳ ಕೋಣೆಯ ಹಿಂದಿನ ಕಾಲುವೆಯಲ್ಲಿ ದಿನಾ ನೀಲಿ ನೀರು ಹರಿಯುತ್ತಿತ್ತು. ಸುದ್ದಗುಂಟೆಪಾಳ್ಯದ ಕಡೆ ಗುರುಬಸಪ್ಪ ಎಂಬವನು ಜೀನ್ಸಿಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟಿದ್ದ; ನೀರು ಅವನದು, ನಾತ ಊರಿನವರದು. ಶೈಲಶ್ರೀಯ ಯಂತ್ರದ ತೊಟ್ಟಿಯಲ್ಲಿ ಎಂಟು ಟೈಟಾನಿಯಂ ತಟ್ಟೆಗಳು ತೂಗುತ್ತಿದ್ದವು. ಕರೆಂಟು ಹರಿಸಿದರೆ ನೀರಿನೊಳಗಿನ ಬಣ್ಣ, ಗಂಜಿ, ಎಣ್ಣೆ ಎಲ್ಲ ಬೆಂಕಿಯಿಲ್ಲದೆ ಸುಟ್ಟು ಹೋಗುತ್ತಿದ್ದವು. ಆ ಕೆಲಸ ಮಾಡುತ್ತಿದ್ದದ್ದು ಲೋಹವಲ್ಲ, ಅದರ ಮೇಲಿನ ಕಪ್ಪು ಲೇಪ. ಕುಂಚದಿಂದ ಬಳಿದು, ಕುಲುಮೆಯಲ್ಲಿಟ್ಟು, ಆರಿಸಿ ಮತ್ತೆ ಬಳಿದು, ಒಂದೊಂದು ತಟ್ಟೆಗೂ ಇಪ್ಪತ್ತು ಸಲ ಹೀಗೆ ಮಾಡಿ ಅವಳು ಅದನ್ನು ಕೂರಿಸಿದ್ದಳು. ವಿಜಯದಶಮಿಯ ದಿನ ಗುರುಬಸಪ್ಪನೇ ಯಂತ್ರ ನೋಡಲು ಬರುವವನಿದ್ದ. ಅವನು ಒಪ್ಪಿದರೆ ಆ ಕಾಲುವೆಯಲ್ಲಿ ಬರೀ ನೀರು ಹರಿಯುವುದನ್ನು ತಾನು ಕಿಟಕಿಯಿಂದ ನೋಡಬಹುದು ಎಂಬ ಆಸೆ ಅವಳಿಗಿತ್ತು.

ಹಿಂದಿನ ದಿನ ಆಯುಧಪೂಜೆ. ಶೈಲಶ್ರೀ ಬೆಳಿಗ್ಗೆಯೇ ಗುರುಬಸಪ್ಪನ ಕಾರ್ಖಾನೆಗೆ ಹೋಗಿ ಎರಡು ಕ್ಯಾನು ನೀಲಿ ನೀರು ತುಂಬಿಸಿಕೊಂಡು, ಆಟೋದವನ ಬೈಗುಳ ಕೇಳಿಕೊಂಡು ಮಧ್ಯಾಹ್ನದ ಹೊತ್ತಿಗೆ ಶೆಡ್ಡಿಗೆ ಬಂದಳು. ಮಾವಿನ ತೋರಣ, ಒಡೆದ ಬೂದುಗುಂಬಳ, ಕಡಲೆಪುರಿ. ತೊಟ್ಟಿಯಲ್ಲಿ ಎಂಟು ತಟ್ಟೆಗಳು, ಮುಖ ನೋಡಿಕೊಳ್ಳುವಷ್ಟು ಫಳಫಳ ಹೊಳೆಯುತ್ತ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ.

ನಡೆದದ್ದನ್ನು ವಸಿಷ್ಠನ ತಾಯಿ ಸೀತಾಲಕ್ಷ್ಮಿಯವರೇ ಸಂಭ್ರಮದಿಂದ ಹೇಳಿದರು. ಮಸಿ ಹಿಡಿದ ಸಾಮಾನಿಗೆ ಪೂಜೆ ಮಾಡುವ ಪದ್ಧತಿ ತಮ್ಮ ಮನೆತನದಲ್ಲೇ ಇಲ್ಲವಂತೆ. ಮೊದಲು ಹುಣಸೆಹಣ್ಣು ಹಾಕಿ ತಿಕ್ಕಿದರಂತೆ, ಜಗ್ಗಲಿಲ್ಲವಂತೆ. ಆಮೇಲೆ ಮಗನೇ ಅಂಗಿಯ ತೋಳು ಮಡಿಸಿ, ಉಪ್ಪುಕಾಗದ ಹಿಡಿದು ಎರಡು ಗಂಟೆ ಕೂತು ಉಜ್ಜಿದನಂತೆ. ಜೀವಮಾನದಲ್ಲಿ ತಾನು ಕುಡಿದ ಲೋಟ ತೊಳೆಯದ ಆಸಾಮಿಗೆ ಕೆಲಸ ಮಾಡುವ ಹುಮ್ಮಸ್ಸು ಬಂದದ್ದೂ ಬಂದದ್ದು, ಇವತ್ತೇ ಬರಬೇಕಿತ್ತು. ‘ನಮ್ಮ ಗುಟ್ಟೆಲ್ಲ ಈ ಕಪ್ಪು ಲೇಪದಲ್ಲಿದೆ’ ಎಂದು ಬಣ್ಣದ ಕರಪತ್ರ ಅಚ್ಚು ಹಾಕಿಸಿ, ಊರಿನ ಹೋಟೆಲುಗಳಲ್ಲೆಲ್ಲ ಮೀಟಿಂಗ್ ಮಾಡಿ ಓದಿದವನೂ ಇವನೇ. ಓದಿದ್ದ, ಪಾಪ. ಅರ್ಥ ಮಾಡಿಕೊಳ್ಳುತ್ತೇನೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಶೈಲಶ್ರೀಗೆ ಅಳು ಬಂತು, ಆ ಮನುಷ್ಯನ ಮುಂದೆ ಅಳುವುದು ಅವಮಾನವೆನಿಸಿ ನುಂಗಿಕೊಂಡಳು. ಲೇಪವಿಲ್ಲದ ಟೈಟಾನಿಯಂ ತಟ್ಟೆಯಿಂದ ನೀರಿಗೆ ಕರೆಂಟು ಹರಿಯುವುದೇ ಇಲ್ಲ, ಮತ್ತೆ ಬಳಿಯಲು ಹದಿನೈದು ದಿನ ಬೇಕು, ಗುರುಬಸಪ್ಪನಿಗೆ ಮುಂದಕ್ಕೆ ಹಾಕಲು ಹೇಳಿ ಎಂದಳು.

“ನೀವು ಸುಮ್ನೆ ಟೆನ್ಷನ್ ಮಾಡ್ಕೋತೀರ,” ಎಂದ ವಸಿಷ್ಠ. “ಲೈಟಾಗಿ ಪಾಲಿಶ್ ಮಾಡಿದೀವಿ ಅಷ್ಟೆ. ನಾಳೆ ನೀವು ಸ್ವಿಚ್ ಹಾಕಿ, ಮಿಕ್ಕಿದ್ದು ನಾನು ನೋಡ್ಕೋತೀನಿ.”

ಮರುದಿನ ಹನ್ನೊಂದಕ್ಕೆ ಗುರುಬಸಪ್ಪ ಬಂದ. ಕೊರಳಲ್ಲಿ ಚಿನ್ನ, ಕೈಯಲ್ಲಿ ಕಾರ್ಖಾನೆ ಮುಚ್ಚಿಸುವ ಎಚ್ಚರಿಕೆ ಕೊಟ್ಟ ಮಾಲಿನ್ಯ ಮಂಡಳಿಯ ನೋಟಿಸು. ತೊಟ್ಟಿಗೆ ನೀಲಿ ನೀರು ತುಂಬಿಸಿದ ಮೇಲೆ, ಗುರುಬಸಪ್ಪ ಫೋನು ಬಂದು ಅಂಗಳಕ್ಕೆ ಹೋದದ್ದೇ ತಡ, ಕಾಫಿ ತರುವ ನೆಪದಲ್ಲಿ ಶೈಲಶ್ರೀಯನ್ನು ಹೊರಗೆ ಕಳಿಸಿದ ವಸಿಷ್ಠ. ಅವಳು ಫ್ಲಾಸ್ಕು ಹಿಡಿದು ವಾಪಸು ಬಂದಾಗ ಶೆಡ್ಡಿನಲ್ಲಿ ಆಸ್ಪತ್ರೆಯ ಬಚ್ಚಲಿನ ವಾಸನೆ. ಮೇಜಿನ ಕೆಳಗೆ ಬ್ಲೀಚಿಂಗ್ ಪುಡಿಯ ಖಾಲಿ ಡಬ್ಬ. ಅದನ್ನು ಬಚ್ಚಿಡುವಷ್ಟು ಜಾಣತನವೂ ಅವನಿಗೆ ಇರಲಿಲ್ಲ. ಗುರುಬಸಪ್ಪ ಒಳಗೆ ಬಂದ ಕೂಡಲೇ ವಸಿಷ್ಠ ಅವಳಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಅವಳು ಸ್ವಿಚ್ ಹಾಕಿದಳು. ಹತ್ತು ನಿಮಿಷದಲ್ಲಿ ನೀಲಿ ತೆಳುವಾಗಿ, ಹಳದಿಯಾಗಿ, ಕೊನೆಗೆ ನೀರು ತಿಳಿಯಾಯಿತು. ಗುರುಬಸಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ವಸಿಷ್ಠ ಇಂಗ್ಲಿಷಿನಲ್ಲಿ ಮಾತಾಡತೊಡಗಿದ.

ಇನ್ನು ತಡೆಯಲಾಗಲಿಲ್ಲ ಶೈಲಶ್ರೀಗೆ. ಇವನ ಕೈಗೆ ಸಿಕ್ಕಿ ತನ್ನ ಯಂತ್ರ ಸುಳ್ಳಾಗುವುದಕ್ಕಿಂತ ಅದು ಸತ್ತರೇ ವಾಸಿ ಎನಿಸಿತು. ಆಫೀಸಿಗೆಂದು ಕಲಿತ ಬೆಂಗಳೂರ ಮಾತು ಬಿಟ್ಟುಹೋಯಿತು.

“ಗುರುಬಸಪ್ಪಾರ, ಆ ಕರೆಂಟ್ ಮೀಟರಿನ ಮುಳ್ಳ ನೋಡ್ರಿ, ಸೊನ್ನಿ ಬಿಟ್ಟು ಮ್ಯಾಲೆ ಎದ್ದಿಲ್ಲ. ಕರೆಂಟೇ ಹರದಿಲ್ಲ. ಬಣ್ಣ ಹೋಗಿದ್ದು ಬ್ಲೀಚಿಂಗ್ ಪುಡಿಯಿಂದ. ಕಣ್ಣಿಗೆ ಕಾಣೂದು ಹೋಗೇತಿ, ವಿಷ ಒಳಗ ಹಂಗ ಐತಿ. ಹದಿನೈದು ದಿನ ಕೊಡ್ರಿ, ಖರೇನ ಸುಟ್ಟು ತೋರಸ್ತೀನಿ.”

ವಸಿಷ್ಠ ಕಾಲಿನಿಂದ ಡಬ್ಬವನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ಗುರುಬಸಪ್ಪ ತಿಳಿನೀರನ್ನೂ ಅವಳನ್ನೂ ನೋಡಿದ. ಬೈಯುತ್ತಾನೆ, ಎದ್ದು ಹೋಗುತ್ತಾನೆ, ಇಲ್ಲವೇ ಹದಿನೈದು ದಿನ ಕೊಡುತ್ತಾನೆ ಎಂದು ಅವಳು ಕಾದಳು. ಅವನು ಬಗ್ಗಿ ಮೇಜಿನ ಕೆಳಗಿನ ಡಬ್ಬ ಎತ್ತಿಕೊಂಡು, ತಿರುಗಿಸಿ ಲೇಬಲ್ ಓದಿದ.

“ಬಣ್ಣ ಹೋದ್ರೆ ಸಾಕಲ್ವಾ ಮೇಡಂ. ಜನ ಕಂಪ್ಲೇಂಟ್ ಕೊಟ್ಟಿರೋದು ಬಣ್ಣಕ್ಕೆ,” ಎಂದ. “ಸಾವಿರ ಲೀಟರಿಗೆ ಇದು ಎಷ್ಟು ಹಾಕ್ಬೇಕು?”

ವಸಿಷ್ಠನಿಗೆ ಉಸಿರು ಬಂತು. ಪುಡಿ ತಾನೇ ಸಪ್ಲೈ ಮಾಡುತ್ತೇನೆ ಎಂದು ನಾಚಿಕೆಯಿಲ್ಲದೆ ಹೇಳಿ, ಜೇಬಿನಿಂದ ಪೆನ್ನು ತೆಗೆದು, ಬರೆದುಕೊಳ್ಳಲು ತನ್ನದೇ ಕರಪತ್ರವನ್ನು ಮಗುಚಿ ಹಿಡಿದುಕೊಂಡ. ಇಬ್ಬರೂ ಶೈಲಶ್ರೀಯ ಬಾಯನ್ನೇ ನೋಡುತ್ತ ನಿಂತರು. ಒಂದೂವರೆ ವರ್ಷದಲ್ಲಿ ಆ ಶೆಡ್ಡಿನಲ್ಲಿ ರಸಾಯನಶಾಸ್ತ್ರದ ಬಗ್ಗೆ ಅವಳನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.