ಅಪ್ಪಣೆಯಿಲ್ಲದ ನೀರು

೧

ಎಲ್ಲಿಂದ ಶುರು ಮಾಡಲಿ? ಮಾತು ಕೊಟ್ಟಲ್ಲಿಂದಲೇ ಮಾಡೋಣ. ಊರಿನ ನೀರಿನ ಕೇಂದ್ರವನ್ನು ಪರದೇಶದ ಕಂಪನಿಯ ಕೈಗೆ ಕೊಟ್ಟ ದಿನ, ಅಲ್ಲಿ ಪಂಪ್ ಆಪರೇಟರ್ ಆಗಿದ್ದ ಅಪ್ಪನ ಮುಂದೆ ಎರಡು ಜಡೆಯ ಮಗಳು ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದಳು: "ನೋಡ್ತಿರಪ್ಪ, ಒಂದಿನ ನಾನು ಯಾರನ್ನೂ ಕೇಳ್ದೆ ಈ ಪಂಪ್ ಹಾಕ್ತೀನಿ."

(ನಾನು ಬರೆದ ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ನದಿಯ ವರ್ಣನೆ ಒಂದು ಪುಟವಿತ್ತು. ತೆಗೆದು ಹಾಕಿದೆ. ನದಿ ತನ್ನ ಪಾಡಿಗೆ ಇರುತ್ತದೆ. ನಾನು ಬೆಳಗಾದರೆ ಎರಡು ಟಿಫಿನ್ ಡಬ್ಬಿ ತುಂಬಬೇಕು.)

೨

ಮಗಳು ಈಗ ಅಲ್ಲೇ ಆಪರೇಟರ್. ನದಿ ನಮ್ಮದು, ಬಾಯಾರಿಕೆ ನಮ್ಮದು, ಸ್ವಿಚ್ಚೂ ಅವಳ ಮೂಗಿನ ಕೆಳಗೇ. ಆದರೆ ದಿನಾ ಬೆಳಿಗ್ಗೆ ಗೋಡೆಯ ಕೆಂಪು ಫೋನು ರಿಂಗಾಗಬೇಕು, ಸಮುದ್ರದಾಚೆಯಿಂದ ಯಾರೋ "ಓಕೆ, ಸ್ಟಾರ್ಟ್" ಅನ್ನಬೇಕು, ಆಮೇಲೆ ಊರು ಹಲ್ಲುಜ್ಜಬೇಕು. ಅವರಿಗೆ ರಜೆಯಾದರೆ ನಮಗೆ ಸ್ನಾನವಿಲ್ಲ.

೩

ಕೊನೆಗೂ ಕೇಂದ್ರ ಊರಿಗೇ ವಾಪಸ್ಸು ಬಂತು. (ಹೇಗೆ? ಮೆರವಣಿಗೆ, ಘೋಷಣೆ ಎಲ್ಲ ಬರೆದಿದ್ದೆ. ಕಥೆಯ ನಾಯಕಿ, ಅಂದರೆ ಈ ಮಗಳೇ, ಓದಿ, "ಅಕ್ಕ, ನಾವು ಖಾಲಿ ಬಿಂದಿಗೆ ಇಟ್ಕೊಂಡು ಕಚೇರಿ ಬಾಗ್ಲಲ್ಲಿ ಕೂತಿದ್ದಷ್ಟೇ. ಕೂತೇ ಇದ್ವಿ. ಭಾಷಣ ಗೀಷಣ ತೆಗೀರಿ" ಅಂದಳು. ತೆಗೆದೆ.)

ಅಂದು ಬೆಳಿಗ್ಗೆ ಪಂಪ್‌ಹೌಸಿನಲ್ಲಿ ಕಾಲಿಡಲು ಜಾಗವಿಲ್ಲ. ವಯಸ್ಸಾದ ಅಪ್ಪನಿಗೆ ಮಾತ್ರ ಕುರ್ಚಿ. ಹೊರಗೆ ಪ್ರತಿ ನಲ್ಲಿಯ ಕೆಳಗೂ ಬಕೆಟ್ಟು.

ಅವಳು ಸ್ವಿಚ್ಚಿನ ಮೇಲೆ ಕೈಯಿಟ್ಟಳು. ಇಟ್ಟವಳು ಇಟ್ಟೇ ಇದ್ದಳು. ಕಣ್ಣು ಕೆಂಪು ಫೋನಿನ ಮೇಲೆ. ನೆರೆದವರೆಲ್ಲರ ಕಣ್ಣೂ ಅಲ್ಲೇ. (ನನ್ನದೂ. ಪೆನ್ನು ಎತ್ತಿಕೊಂಡು ಕಾಯುತ್ತಾ ಕೂತಿದ್ದೆ.)

ಪೈಪು ರಿಪೇರಿಯ ಫಿಟ್ಟರ್ ಮಾವ ತಡೆಯಲಾರದೆ ಬಾಯಿಬಿಟ್ಟ: "ಅಮ್ಮಾ ತಾಯಿ, ಆ ಫೋನಿನ ವೈರು ನಿನ್ನೆ ನಾನೇ ಕಿತ್ತಿದೀನಿ. ಇನ್ನು ಅದು ಹೊಡ್ಕೊಂಡ್ರೆ ನನ್ ಹೆಸ್ರು ಬದಲಾಯ್ಸಿ!"

ಪಂಪಿಗಿಂತ ಮೊದಲು ನಗು ಸ್ಟಾರ್ಟ್ ಆಯಿತು.

೪

ಮುಕ್ತಾಯ ಒಂದು: ಅವಳು ತಲೆಯೆತ್ತಿ, ತುಟಿ ಬಿಗಿದು, ಯಾರನ್ನೂ ಕೇಳದೆ ಸ್ವಿಚ್ ಒತ್ತುತ್ತಾಳೆ. ಹಿಂದೆ ಸೂರ್ಯೋದಯ.

"ಅಷ್ಟೊಂದು ಬಿಗುಮಾನ ನನಗೆ ಬರಲ್ಲ ಅಕ್ಕ" ಅಂದಳು ನಾಯಕಿ.

ಮುಕ್ತಾಯ ಎರಡು: ಪಂಪು ಕೆಟ್ಟಿರುತ್ತದೆ.

"ನಿಮ್ ಬಾಯಲ್ಲಿ ಒಳ್ಳೇದು ಬರೋದೇ ಇಲ್ವಾ?" ಫಿಟ್ಟರ್ ಮಾವ ನನ್ನ ಮೇಲೇ ಎಗರಿದ. "ಮೊನ್ನೆ ತಾನೇ ಗ್ರೀಸ್ ಹಾಕಿದೀನಿ!"

ಹಾಗಾದರೆ ನೀವೇ ಮುಗಿಸಿಕೊಳ್ಳಿ ಎಂದು ಪೆನ್ನು ಕೆಳಗಿಟ್ಟೆ.

೫

ಅವಳು ತಿರುಗಿ ನೋಡಿದಳು. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದ.

"ಅಪ್ಪ, ಹಾಕ್ಲಾ?"

"ಅಯ್ಯೋ, ಕೇಳೇಬಿಟ್ಯಲ್ಲೇ ಮಂಕೇ!" ಅಪ್ಪ ತೊಡೆ ತಟ್ಟಿಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. "ಹಾಕೇ, ಹಾಕು!"

ಪಂಪು ಗುಡುಗಿತು. ಬೀದಿಯುದ್ದಕ್ಕೂ ನಲ್ಲಿಗಳು ಕೆಮ್ಮಿ, ಉಗುಳಿ, ಸುರಿದವು. ಬಕೆಟ್ಟು ತುಂಬಿ ಚೆಲ್ಲಿದರೂ ಯಾರಿಗೂ ನಲ್ಲಿ ನಿಲ್ಲಿಸುವ ಮನಸ್ಸಿಲ್ಲ.

ನಾಳೆಯೂ ಹೀಗೇ ಬರುತ್ತದಾ, ಮೇಲಿನ ಬೀದಿಗೆ ಮೊದಲೋ ಕೆಳಗಿನ ಬೀದಿಗೋ ಎಂದು ನನ್ನನ್ನು ಕೇಳಬೇಡಿ. ಅವರ ನೀರು, ಅವರ ಜಗಳ. ನನಗೆ ಗೊತ್ತಿರುವುದು ಇಷ್ಟೇ: ಯಾರನ್ನೂ ಕೇಳದೆ ಹಾಕುತ್ತೇನೆ ಅಂದಿದ್ದವಳು ಕೇಳಿಯೇ ಹಾಕಿದಳು. ಮಾತು ಮುರಿಯಿತು.