ನಿಂಬೆ ತೋಟಕ್ಕೆ ಒಪ್ಪಿಗೆಯ ನೀರು

ಬೇಸಿಗೆ ಇನ್ನೂ ಅರ್ಧ ಕಳೆದಿರಲಿಲ್ಲ, ಬಾವಿಯ ಪಂಪು ನೀರಿನ ಬದಲು ಗಾಳಿ ಉಗುಳತೊಡಗಿತು. ಪೇಟೆಯ ಅಂಚಿನ ಆ ನಿಂಬೆ ತೋಟದಲ್ಲಿ ಎಲೆಗಳು ಮುದುರಿಕೊಂಡವು. ಗೋಲಿಯಷ್ಟಾಗಿದ್ದ ಕಾಯಿಗಳು ಬುಡಕ್ಕೆ ಉದುರಿದವು.

ಮನೆಯ ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ತೋಟ ನೋಡಿಕೊಳ್ಳುತ್ತಿದ್ದವರು ಅತ್ತೆ, ಸೊಸೆ ಇಬ್ಬರೇ. ಒಂದು ಬೆಳಿಗ್ಗೆ ಸೊಸೆ ಹಿತ್ತಲಿಗೆ ಬಂದರೆ, ಅತ್ತೆ ಪಾತ್ರೆ ತೊಳೆದ ನೀರಿನ ಬಕೆಟ್ಟು ಹಿಡಿದು ಗಿಡದಿಂದ ಗಿಡಕ್ಕೆ ಕುಂಟುತ್ತಾ ಹೋಗುತ್ತಿದ್ದರು.

“ಸೊಂಟ ನೋವು ಅಂತ ನಿನ್ನೆ ತಾನೇ ಅಂತಿದ್ರಲ್ಲ ಅತ್ತೆ.”

“ಸೊಂಟಕ್ಕಾದ್ರೆ ಎಣ್ಣೆ ಹಚ್ಚಬಹುದು. ಗಿಡ ಒಣಗಿದ್ರೆ ಏನು ಹಚ್ತೀಯ?”

ಸೊಸೆ ಬಕೆಟ್ಟು ಕಸಿದುಕೊಂಡಳು. ಉಳಿದ ಗಿಡಗಳಿಗೆ ತಾನೇ ನೀರು ಹಾಕಿದಳು.

ಪಕ್ಕದ ತೋಟದ ಸೊಪ್ಪಿನಣ್ಣನಿಗೆ ಮಾತ್ರ ನೀರಿನ ಚಿಂತೆಯೇ ಇರಲಿಲ್ಲ. ಪೇಟೆಯ ಚರಂಡಿಗೇ ಪಂಪು ಇಳಿಸಿ ಸೊಪ್ಪಿಗೆ ಹಾಯಿಸುತ್ತಿದ್ದ. ಸೊಪ್ಪು ಕಣ್ಣು ಕುಕ್ಕುವಷ್ಟು ಹಸಿರು. ಅವನ ಕಾಲಿನ ಹುಣ್ಣು ಮಾತ್ರ ಮಾಯುತ್ತಲೇ ಇರಲಿಲ್ಲ.

ಆ ವಾರ ಸೊಸೆಯ ಗೆಳತಿ ಮನೆಗೆ ಬಂದಳು. ಎಲ್ಲರೂ ಅವಳನ್ನು ಬಾಟಲಿ ಅಕ್ಕ ಅನ್ನುತ್ತಿದ್ದರು. ಹೆಸರು ಕೇಳಿ ತಪ್ಪು ತಿಳಿಯಬೇಡಿ. ಪೇಟೆಯ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷಿಸುವುದು ಅವಳ ಕೆಲಸ.

ಬಾಡಿದ ಗಿಡಗಳನ್ನು ನೋಡಿ ಅವಳು ಹೇಳಿದಳು: “ನಮ್ಮ ಘಟಕದ ನೀರನ್ನ ಕೇಳಬಾರದಾ? ಶುದ್ಧ ಮಾಡಿ ಹಳ್ಳಕ್ಕೆ ಬಿಡ್ತಾ ಇದೀವಿ.”

ಅತ್ತೆ ಮುಖ ಸಿಂಡರಿಸಿದರು. “ಊರವರ ಬಚ್ಚಲು, ಕಕ್ಕಸು ಎಲ್ಲಾ ಸೇರಿದ ನೀರು ನನ್ನ ಗಿಡಕ್ಕಾ? ಸುಮ್ನಿರಮ್ಮ.”

“ನೀವು ಹಾಕ್ತಿರೋದು ಮುಸುರೆ ನೀರೇ ಅಲ್ವಾ ಅಜ್ಜಿ?”

“ಅದು ನಮ್ಮನೆ ಮುಸುರೆ.”

ಮೂವರೂ ನಕ್ಕರು. ಬಾಟಲಿ ಅಕ್ಕ ಬಿಡಿಸಿ ಹೇಳಿದಳು: “ಚರಂಡಿ ನೀರೇ ಬೇರೆ, ಇದೇ ಬೇರೆ. ನಮ್ಮಲ್ಲಿ ಮೊದಲು ಕೆಸರು ತಳಕ್ಕೆ ಕೂರುತ್ತೆ. ಆಮೇಲೆ ಗಾಳಿ ಊದಿ ಕೊಳೆ ಕರಗಿಸ್ತೀವಿ, ಸೋಸ್ತೀವಿ, ಕೊನೆಗೆ ಮದ್ದು ಹಾಕಿ ರೋಗಾಣು ಸಾಯಿಸ್ತೀವಿ. ಕುಡಿಯೋಕಂತೂ ಆಗಲ್ಲ. ಸರಿಯಾಗಿ ಶುದ್ಧವಾಗಿದ್ರೆ ಮರಗಿಡಕ್ಕೆ ಆಗುತ್ತೆ.”

“ಹಾಗಾದ್ರೆ ನಾಳೆನೇ ಪೈಪು ಎಳೀತೀನಿ,” ಎಂದಳು ಸೊಸೆ.

“ಎಳೀಬೇಡ ಕಣೇ. ಮೊದಲು ಒಪ್ಪಿಗೆ ಬೇಕು.”

“ಹೇಗೂ ಹಳ್ಳಕ್ಕೆ ಬಿಡೋ ನೀರು. ಹಳ್ಳ ಯಾರನ್ನ ಕೇಳ್ತು?”

“ಹಳ್ಳಕ್ಕೆ ಬಿಡೋಕೂ ನಿಯಮ ಇದೆ. ತೋಟಕ್ಕಂದ್ರೆ ಇನ್ನೂ ಬಿಗಿ. ನಿನ್ನ ನಿಂಬೆಹಣ್ಣು ಕೊಳ್ಳೋರು ನಿನ್ನ ಮುಖ ನೋಡಿರಲ್ಲ. ಆದ್ರೂ ನಂಬಿ ಮಕ್ಕಳಿಗೆ ಕೊಡ್ತಾರೆ.”

ಸೊಸೆ ಗೊಣಗುತ್ತಲೇ ಪುರಸಭೆಗೆ ಹೋಗಿ ಅರ್ಜಿ ಕೊಟ್ಟಳು. ಅಲ್ಲಿಂದ ಅದು ಮಾಲಿನ್ಯ ತಡೆಯುವ ಕಚೇರಿಗೆ ಹೋಯಿತು. ಅಧಿಕಾರಿಯೊಬ್ಬರು ತೋಟಕ್ಕೆ ಬಂದರು. ಬಾವಿ ಎಷ್ಟು ದೂರ, ಬೆಳೆ ಯಾವುದು ಎಂದೆಲ್ಲ ಕೇಳಿ ಮಣ್ಣು ತೆಗೆದುಕೊಂಡರು. ಘಟಕದ ನೀರನ್ನೂ ಪರೀಕ್ಷೆಗೆ ಕಳಿಸಿದರು. ಆಮೇಲೆ ಕಾಯುವ ಕೆಲಸ. ಬೇಲಿ ಪಕ್ಕದ ಸಾಲಿನ ಗಿಡಗಳು ಒಂದೊಂದಾಗಿ ಒಣಗಿದವು.

ಕೊನೆಗೊಂದು ಸಂಜೆ ಬಾಟಲಿ ಅಕ್ಕ ಬಂದು ಬಾಗಿಲಲ್ಲೇ ನಿಂತಳು.

“ಸದ್ಯಕ್ಕೆ ಆಗಲ್ಲ ಅಂದಿದಾರೆ. ನೀರಲ್ಲಿ ರೋಗಾಣು ಮಿತಿಗಿಂತ ಜಾಸ್ತಿ ಸಿಕ್ಕಿದೆ. ಮದ್ದು ಹಾಕೋ ಯಂತ್ರ ಕೆಟ್ಟು, ಅಳತೆ ತಪ್ಪಿತ್ತು. ತಪ್ಪು ನಮ್ಮದೇ. ಸರಿ ಮಾಡಿಸ್ತಾ ಇದೀವಿ.”

ಸೊಸೆಗೆ ಸಿಟ್ಟು ನೆತ್ತಿಗೇರಿತು. ದಡದಡನೆ ಒಳಗೆ ಹೋದಳು.

ಒಳಗೆ ಅತ್ತೆ ಕಾಲು ಚಾಚಿ ಕುಳಿತಿದ್ದರು. ಸೊಂಟ ಬಗ್ಗದೆ ಹಿಮ್ಮಡಿಗೆ ಕೈ ಎಟುಕುತ್ತಿರಲಿಲ್ಲ. ಸೊಸೆ ಎಣ್ಣೆ ಬಟ್ಟಲು ತೆಗೆದುಕೊಂಡು ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಿಮ್ಮಡಿಯ ತುಂಬ ಬಿರುಕು, ಒಂದೆರಡು ಕಡೆ ರಕ್ತ ಜಿನುಗಿತ್ತು. ಚಪ್ಪಲಿ ಹಾಕಿ ಮಣ್ಣು ತುಳಿಯುವವರಲ್ಲ ಅತ್ತೆ.

ಸೊಸೆಯ ಕೈ ನಿಂತಿತು. ಅವತ್ತೇ ಪೈಪು ಎಳೆದಿದ್ದರೆ ಆ ನೀರು ಈ ಬಿರುಕುಗಳೊಳಗೇ ಇಳಿಯುತ್ತಿತ್ತು.

“ಯಾಕೆ ಮಗಾ, ಅಳ್ತಿದೀಯಾ?”

“ಏನಿಲ್ಲ ಅತ್ತೆ. ಕಾಯೋಣ.”

ಅತ್ತೆ ಅವಳ ತಲೆ ಸವರಿದರು. “ಗಿಡ ಇನ್ನೊಂದು ನೆಡಬಹುದು ಬಿಡು.”

ಘಟಕದ ನೀರು ಸಿಗುವವರೆಗೆ ಇಬ್ಬರೂ ಸೇರಿ ಗಿಡದ ಬುಡಕ್ಕೆ ಒಣಗಿದೆಲೆ ಮುಚ್ಚಿ, ಬಾವಿಯ ತಳದಲ್ಲಿ ಊರಿದಷ್ಟು ನೀರನ್ನೇ ಹಂಚಿದರು. ಯಂತ್ರ ಸರಿಯಾಯಿತು. ಮತ್ತೆ ಪರೀಕ್ಷೆಯಾಯಿತು. ಈ ಸಲ ನೀರು ಮಿತಿಯೊಳಗೇ ಇತ್ತು. ಒಪ್ಪಿಗೆ ಬಂತು, ಜೊತೆಗೆ ಷರತ್ತುಗಳೂ ಬಂದವು. ನೀರು ಬುಡಕ್ಕೆ ಮಾತ್ರ ಹನಿಯಬೇಕು, ಎಲೆಗೆ ಹಾರಬಾರದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಬಾವಿ ಪೈಪಿಗೆ ಇದನ್ನು ಸೇರಿಸುವಂತಿಲ್ಲ. ಬೇರೆ ಬಣ್ಣದ ಪೈಪು, ‘ಕುಡಿಯುವ ನೀರಲ್ಲ’ ಎಂಬ ಫಲಕ ಇರಲೇಬೇಕು. ನೀರಿನ ಪರೀಕ್ಷೆ ಮುಂದೆಯೂ ನಡೆಯುತ್ತಿರಬೇಕು. ತೋಟಕ್ಕಿಳಿದರೆ ಕೈಗೆ ಗವಸು, ಕಾಲಿಗೆ ಬೂಟು.

ಬೂಟು ಹಾಕಿಕೊಂಡ ಅತ್ತೆ ಅಂಗಳದಲ್ಲಿ ಒಂದು ಸುತ್ತು ಬಂದರು. “ಕಳ್ಳನ್ನ ಹಿಡಿಯೋಕೆ ಹೊರಟ ಹಾಗಿದೆ.”

ಮೊದಲ ಹನಿ ಬಿದ್ದಾಗ ಅವರು ಸೊಂಟ ಹಿಡಿದುಕೊಂಡೇ ಬಗ್ಗಿ ಮೂಸಿದರು. “ವಾಸನೆ ಇಲ್ಲ ಕಣೇ,” ಎಂದರು, ಒಳ್ಳೆಯ ಸುದ್ದಿಯನ್ನು ಪಿಸುಗುಟ್ಟುವವರ ಹಾಗೆ.

ಗಿಡಗಳು ಚಿಗುರಿದವು. ಒಂದು ಬೆಳಿಗ್ಗೆ ಅತ್ತೆ ಯಾರೂ ಹೇಳದೆ ಬೇಲಿ ದಾಟಿ ಸೊಪ್ಪಿನಣ್ಣನ ಹತ್ತಿರ ಹೋದರು.

“ನೋಡಪ್ಪಾ, ಆ ಪಂಪು ಮೇಲೆತ್ತು. ನಿನ್ನ ಸೊಪ್ಪು ತಿನ್ನೋರಿಗೂ ಮನೇಲಿ ಮಕ್ಕಳಿರ್ತಾರೆ.”

“ನೀರಿಗೇನು ಮಾಡ್ಲಿ ಅಕ್ಕಾ?”

“ನಿನ್ನ ಬಾವೀಲಿ ನೀರು ಇದ್ದಷ್ಟಕ್ಕೆ ಸೊಪ್ಪು ಹಾಕು. ಮಿಕ್ಕ ಜಾಗಕ್ಕೆ ನಿಂಬೆ ಸಸಿ ನಾನು ಕೊಡ್ತೀನಿ. ಅರ್ಜಿ ಹಾಕೋಕೆ ನನ್ನ ಸೊಸೆ ಜೊತೆಗೆ ಬರ್ತಾಳೆ. ಮೊದಲು ಆ ಕಾಲು ಡಾಕ್ಟರಿಗೆ ತೋರಿಸು, ನಡಿ.” ಅವನು ಏಳುವ ತನಕ ಅತ್ತೆ ಅಲ್ಲಿಂದ ಕದಲಲಿಲ್ಲ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನಲ್ಲೂ ಶುದ್ಧೀಕರಣ ಘಟಕವಿದ್ದರೆ ಅದರ ನೀರು ತೋಟಕ್ಕೆ ಸಿಗುತ್ತದೆಯೇ ಎಂದು ಪುರಸಭೆಯಲ್ಲಿ ವಿಚಾರಿಸಿ. ಚರಂಡಿಗೆ ಪಂಪು ಇಳಿಸಬೇಡಿ. ಒಪ್ಪಿಗೆ ಸಿಗುವ ಮೊದಲು ಪೈಪು ಎಳೆಯಬೇಡಿ. ನೀರಿನ ಪರೀಕ್ಷೆಯಲ್ಲಿ ಏನು ಬಂತು ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ತಡವಾದರೆ ಬೇಸರವಾಗುತ್ತದೆ, ನಿಜ. ಆಗ ನಿಮ್ಮ ಮನೆಯಲ್ಲಿ ಬರಿಗಾಲಲ್ಲಿ ತೋಟಕ್ಕಿಳಿಯುವವರು ಯಾರು ಎಂದು ಒಮ್ಮೆ ನೆನೆಯಿರಿ. ಅವರಿಗಾಗಿ ಸ್ವಲ್ಪ ಕಾಯಿರಿ.