ಪಿನ್ನಿನ ತೋಡು

ಪರದೆಯ ಮೇಲಿದ್ದ ಪಿನ್ನನ್ನು ಸ್ಕೇಲಕ್ಕ ಮೂರನೇ ಸಲ ದೊಡ್ಡದು ಮಾಡಿ ನೋಡಿದಳು. ಹೆಬ್ಬೆರಳ ಗಾತ್ರದ ಉಕ್ಕಿನ ಪಿನ್ನು. ಅದರ ಸುತ್ತ ಗ್ರೀಸ್ ನಿಲ್ಲಲೆಂದು ಕೊರೆದ ಸಣ್ಣ ತೋಡು. ತೋಡಿನ ಮೂಲೆಗಳನ್ನು ಕೂದಲೆಳೆಯಷ್ಟು ಉರುಟು ಮಾಡಿದ ರೀತಿ, ಅಳತೆಯನ್ನು ಎಲ್ಲರಂತೆ ಎಡದಿಂದ ಬರೆಯದೆ ಬಲತುದಿಯಿಂದ ಬರೆದ ಚಟ, ಎಲ್ಲವೂ ಅವಳದ್ದೇ. ಆದರೆ ಈ ನಕ್ಷೆಯನ್ನು ಅವಳು ಬರೆದಿರಲಿಲ್ಲ. ಕೆಳಗಿನ ಚೌಕದಲ್ಲಿ, ಬರೆದವರ ಜಾಗದಲ್ಲಿ, ಅವಳ ಓರಗಿತ್ತಿಯ ಹೆಸರಿತ್ತು. ಪರಿಶೀಲಿಸಿದವರ ಜಾಗ ಸ್ಕೇಲಕ್ಕನ ಸಹಿಗೆ ಬಾಯಿ ತೆರೆದುಕೊಂಡು ಕೂತಿತ್ತು.

ತನ್ನ ಕೈಬರಹ ಕದ್ದರು ಎನ್ನುವುದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳೇನೋ. ಅವಳು ಬೆಚ್ಚಿದ್ದು ಆ ತೋಡು ಇದ್ದ ಜಾಗ ನೋಡಿ. ಅದು ಪಿನ್ನಿನ ನಡುಮಧ್ಯದಲ್ಲಿರಬೇಕಿತ್ತು. ಇಲ್ಲಿ ಒಂದು ಪಕ್ಕಕ್ಕೆ ಸರಿದು, ಯಂತ್ರದ ತೋಳೂ ಕಂಬವೂ ಕೂಡುವ ಗಡಿಯಲ್ಲೇ ಬಂದು ನಿಂತಿತ್ತು. ಭಾರ ಬಿದ್ದಾಗ ಕತ್ತರಿಯ ಎರಡು ಅಲಗುಗಳಂತೆ ಅವೆರಡೂ ಪಿನ್ನನ್ನು ಕಚ್ಚುವುದು ಅಲ್ಲಿಯೇ.

ಅವರ ಕಂಪನಿ ತಯಾರಿಸುತ್ತಿದ್ದದ್ದು ಎದ್ದು ನಡೆಯಲಾರದವರನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಸಾಗಿಸುವ ಯಂತ್ರಗಳನ್ನು. ಆ ಪಿನ್ನು ಮುರಿದರೆ ಬೀಳುವುದು ಬೇರೇನೂ ಅಲ್ಲ, ಮನುಷ್ಯ.

ಹತ್ತೊಂಬತ್ತು ವರ್ಷಗಳ ಹಿಂದೆ ಇದೇ ಪಿನ್ನನ್ನು ಇದೇ ತೋಡಿನೊಂದಿಗೆ ಸ್ಕೇಲಕ್ಕನೇ ಬರೆದಿದ್ದಳು. ಆಗ ಅವಳಿಗೆ ಸ್ಕೇಲಕ್ಕ ಎಂಬ ಹೆಸರಿರಲಿಲ್ಲ. ಪರೀಕ್ಷೆಯ ಕಟ್ಟೆಯ ಮೇಲೆ ಮರಳಿನ ಮೂಟೆ ಎತ್ತುವಾಗ ಪಿನ್ನು ಒಣಕಡ್ಡಿಯ ಹಾಗೆ ಲಟಕ್ಕೆಂದಿತ್ತು. ಅಷ್ಟು ಹೊತ್ತಿಗಾಗಲೇ ಎರಡು ಯಂತ್ರಗಳು ಒಂದು ಆಸ್ಪತ್ರೆಗೆ ಹೋಗಿಬಿಟ್ಟಿದ್ದವು. ವಿನ್ಯಾಸ ವಿಭಾಗದ ಮುಖ್ಯಸ್ಥರನ್ನು ಆಗೆಲ್ಲ ದೊಡ್ಡ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಅವಳನ್ನು ಕರೆದುಕೊಂಡು, ಗ್ರೀಸ್ ಹಾಕುವ ನೆಪದಲ್ಲಿ ಅಲ್ಲಿಗೆ ಹೋಗಿ, ಎರಡೂ ಪಿನ್ನು ಬದಲಿಸಿ ಬಂದಿದ್ದರು. "ಯಾರಿಗೂ ಏನೂ ಆಗಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ" ಅಂದಿದ್ದರು. ಮೂರು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಆ ಇಬ್ಬರಲ್ಲಿ ಅವಳೊಬ್ಬಳೇ ಉಳಿದಳು.

ಪಿನ್ನು ಮುರಿದಂದಿನಿಂದ ಅವಳ ಚೀಲದಲ್ಲಿ ಒಂದು ಉಕ್ಕಿನ ಸ್ಕೇಲು. ಯಾರ ನಕ್ಷೆ ಬಂದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಸ್ಕೇಲಿಟ್ಟು, ಗೆರೆಗೆರೆಯನ್ನೂ ಅಳೆದು ಸಹಿ ಮಾಡುತ್ತಿದ್ದಳು. ಅದು ಹುಟ್ಟುಗುಣ ಎಂದು ಕಚೇರಿಯವರೆಲ್ಲ ತಿಳಿದಿದ್ದರು.

ಈಗ ಆ ತೋಡು ಮತ್ತೆ ಎದುರಿಗೆ ಬಂದು ಕೂತಿದೆ. ಯಾರೋ ಹಳೆಯದನ್ನು ಕೆದಕಿದ್ದಾರೆ. ಕೆದಕಿ, ಸಹಿ ಮಾಡು ನೋಡೋಣ ಎಂದು ತನ್ನ ಮುಂದೆಯೇ ತಂದಿಟ್ಟಿದ್ದಾರೆ.

ಅವಳ ಕಣ್ಣು ತಾನಾಗಿ ಪಕ್ಕದ ಮೇಜಿನತ್ತ ಹೊರಳಿತು. ಓರಗಿತ್ತಿ ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು, ತಲೆ ಕುಣಿಸುತ್ತಾ, ಇನ್ನೊಂದು ನಕ್ಷೆಯಲ್ಲಿ ಮುಳುಗಿದ್ದಳು. ಮೈದುನನ ಹೆಂಡತಿ, ಹತ್ತು ವರ್ಷ ಚಿಕ್ಕವಳು. ಈ ಕೆಲಸ ಕೊಡಿಸಿದವಳೂ ಸ್ಕೇಲಕ್ಕನೇ. ಇಬ್ಬರದ್ದೂ ಒಂದೇ ಮನೆ, ಒಂದೇ ಅಡುಗೆಮನೆ, ಬೆಳಿಗ್ಗೆ ಒಂದೇ ಬಸ್ಸು.

"ಈ ಪಿನ್ ಎಲ್ಲಿಂದ ತಂದೆ?" ಸ್ಕೇಲಕ್ಕ ಕುರ್ಚಿ ಎಳೆದುಕೊಂಡು ಹೋಗಿ ಕೇಳಿದಳು.

ಓರಗಿತ್ತಿ ಕಿವಿಯಿಂದ ತಂತಿ ಕಿತ್ತಳು. "ಯಾವ್ದು? ಅದಾ? ಅಳಿಯ ಕೊಟ್ಟ."

ಅಳಿಯ ಎಂದರೆ ಹೊಸ ಸಾಫ್ಟ್‌ವೇರಿನ ಜೊತೆ ಬಂದ ಸಹಾಯಕ ಸಾಧನ. ನಕ್ಷೆ ಬರೆಯುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ ಮೂರು ವಾರವಾಗಿತ್ತು. ಅದರ ಜೊತೆಗೆ ಈ ಸಾಧನವನ್ನೂ ಕೊಂಡ ಕಂಪನಿಯ ಯಜಮಾನರು ಅದಕ್ಕೆ ಹೊಸ ಕಂಪ್ಯೂಟರು, ಪ್ರತ್ಯೇಕ ಕೋಣೆ, ತಣ್ಣನೆಯ ಗಾಳಿ ಎಲ್ಲವನ್ನೂ ಒದಗಿಸಿದಾಗ, "ಇಷ್ಟು ಉಪಚಾರ ಮನೆ ಅಳಿಯನಿಗೂ ಇಲ್ವಲ್ಲಪ್ಪ" ಎಂದು ಫಿಟ್ಟರ್ ಗೊಣಗಿದ್ದ. ಹೆಸರು ಅಂಟಿಕೊಂಡಿತು. ಅಳಿಯ ಮಾಡುತ್ತಿದ್ದ ಕೆಲಸವೆಂದರೆ, ಬರೆಯುವವರ ಕೈ ಒಂದು ಕ್ಷಣ ನಿಂತರೆ ಮುಂದಿನ ಗೆರೆಯನ್ನು ತಾನೇ ಬೂದು ಬಣ್ಣದಲ್ಲಿ ತೋರಿಸುವುದು. ಬೇಕೆಂದರೆ ಇಡೀ ಬಿಡಿಭಾಗವನ್ನೇ ಬರೆದುಕೊಡುವುದು. ಸ್ಕೇಲಕ್ಕನಿಗೆ ಅದು ಯಾರೋ ಹೆಗಲ ಹಿಂದೆ ನಿಂತು ಉಸಿರಾಡಿದಂತಿತ್ತು. ಊಟಕ್ಕೆ ಏಳುವಾಗ ಪರದೆಗೆ ಟವೆಲ್ ಹೊದಿಸಿ ಹೋಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಗಲಿ. ಬಾಯಿಗೆ ಬಂದದ್ದೆಲ್ಲ ಒದರುವವರನ್ನು ನಂಬಬಹುದು, ಕೇಳದೆ ಉಪಕಾರ ಮಾಡುವವರನ್ನಲ್ಲ ಎಂಬುದು ಅವಳ ಲೆಕ್ಕ.

"ಅಳಿಯ ಕೊಟ್ಟನಾ, ನೀನೇ ಎಲ್ಲಿಂದಾದ್ರೂ ತೆಗೆದ್ಯಾ?"

"ನಾನ್ಯಾಕೆ ತೆಗೀಲಿ? ಯಾಕಕ್ಕ, ಸರಿ ಇಲ್ವಾ?"

"ನೋಡ್ತೀನಿ" ಎಂದಷ್ಟೇ ಹೇಳಿ ಸ್ಕೇಲಕ್ಕ ತನ್ನ ಜಾಗಕ್ಕೆ ಮರಳಿದಳು. ಆ "ಸರಿ ಇಲ್ವಾ"ದಲ್ಲಿ ಏನೋ ಇತ್ತೆ? ತೀರಾ ಮುಗ್ಧವಾಗಿ ಕೇಳಿದಳಲ್ಲ? ಹಿಂದಿನ ವಾರವಷ್ಟೇ ಯಜಮಾನರು, "ಇನ್ಮುಂದೆ ಪರಿಶೀಲನೆಗೆ ಒಬ್ಬರೇ ಸಾಕಾಗಲ್ಲ, ನಿಮ್ಮ ಓರಗಿತ್ತಿಯನ್ನೂ ತಯಾರು ಮಾಡಿ" ಎಂದಿದ್ದರು. ಓರಗಿತ್ತಿ ಆಗ ನೆಲ ನೋಡುತ್ತಾ ನಕ್ಕಿದ್ದಳು. ಅವತ್ತು ಅದು ನಾಚಿಕೆ ಅನಿಸಿತ್ತು. ಇವತ್ತು ಬೇರೆ ಏನೋ ಅನಿಸತೊಡಗಿತು.

ಸಂಜೆ ಮನೆಯಲ್ಲಿ ಒಬ್ಬಳು ಪಾತ್ರೆ ತೊಳೆಯುತ್ತಾ, ಇನ್ನೊಬ್ಬಳು ಒರೆಸುತ್ತಾ ನಿಂತಿದ್ದರು. ಹೊರಗಿನ ಕೋಣೆಯಿಂದ ಅಣ್ಣತಮ್ಮಂದಿರ ಮಾತು ಕೇಳುತ್ತಿತ್ತು. ಸ್ಕೇಲಕ್ಕ ಒಂದೇ ತಟ್ಟೆಯನ್ನು ಎಷ್ಟೋ ಹೊತ್ತಿನಿಂದ ಉಜ್ಜುತ್ತಿದ್ದಳು.

"ಹಳೇ ಫೈಲುಗಳಿರೋ ಕಡೆ ಹೋಗಿದ್ಯಾ ನೀನು? ಮೇಷ್ಟ್ರ ಕಾಲದವು?"

"ಮತ್ತೆ ಅದೇನಾ? ಇಲ್ಲಕ್ಕ."

"ನಿಜ ಹೇಳು."

ಓರಗಿತ್ತಿ ಒರೆಸುತ್ತಿದ್ದ ಲೋಟವನ್ನು ಸದ್ದಾಗುವಂತೆ ಇಟ್ಟಳು. "ಮಧ್ಯಾಹ್ನದಿಂದ ನೋಡ್ತಿದ್ದೀನಿ. ಬಸ್ಸಲ್ಲೂ ಮುಖ ಆ ಕಡೆ ತಿರುಗಿಸ್ಕೊಂಡು ಕೂತ್ರಿ. ನಾನೇನು ಕದ್ದಿದ್ದೀನಿ ಅಂತ ನೇರವಾಗಿ ಕೇಳಿಬಿಡಿ. ಹನ್ನೊಂದು ವರ್ಷ ಒಂದೇ ಒಲೆ ಮುಂದೆ ನಿಂತಿದ್ದೀವಿ. ನನ್ನ ಮೇಲೆ ಅನುಮಾನನಾ?"

"ಅನುಮಾನ ಅಲ್ಲ."

"ಮತ್ತಿನ್ನೇನು?"

ಸ್ಕೇಲಕ್ಕ ತಟ್ಟೆಯನ್ನು ಮತ್ತೆ ನೀರಿಗೆ ಹಿಡಿದಳು. ಓರಗಿತ್ತಿ ಟವೆಲನ್ನು ಮೊಳೆಗೆ ಎಸೆದು ಹೋದಳು. ಅದು ಕೆಳಗೆ ಬಿತ್ತು. ಎತ್ತಲು ಯಾರೂ ಹೋಗಲಿಲ್ಲ.

ಮರುದಿನ ಸ್ಕೇಲಕ್ಕ ಒಂದು ಗಂಟೆ ಮುಂಚಿನ ಬಸ್ಸು ಹಿಡಿದಳು. ಕಚೇರಿಯಲ್ಲಿ ಕಸ ಗುಡಿಸುವವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಳ್ಳಿಯಂತೆ ಅತ್ತಿತ್ತ ನೋಡಿ ಓರಗಿತ್ತಿಯ ಕುರ್ಚಿಯಲ್ಲಿ ಕೂತಳು. ಅವಳ ಗುಪ್ತಪದ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಖಾಲಿ ಹಾಳೆ ತೆರೆದು, ಒಂದು ಕಂಬ, ಒಂದು ತೋಳು ಬರೆದು, ಕೈ ಹಿಂದಕ್ಕೆಳೆದು ಕಾದಳು.

ಬೂದು ಬಣ್ಣದಲ್ಲಿ ಪಿನ್ನು ಮೂಡಿತು. ಮೇಲೆ ತೋಡು. ಅದೇ ಉರುಟು ಮೂಲೆ, ಬಲತುದಿಯಿಂದಲೇ ಅಳತೆ, ಅದೇ ತಪ್ಪು ಜಾಗ.

ಹಾಗಾದರೆ ಓರಗಿತ್ತಿ ನಿಜವನ್ನೇ ಹೇಳಿದ್ದಳು. ಪಿನ್ನಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಈ ಕಚೇರಿಯ ನಕ್ಷೆಗಳ ಆಧಾರದಲ್ಲಿ" ಎಂದಿತ್ತು. ಅದನ್ನು ಒತ್ತಿದಳು. ಪಟ್ಟಿಯೊಂದು ಬಿಚ್ಚಿಕೊಂಡಿತು. ಮೂವತ್ತೆರಡು ಫೈಲುಗಳು, ಎಲ್ಲದರ ಮುಂದೆಯೂ ಅವಳದೇ ಹೆಸರು.

ಮೊದಲಿಗೆ ಅರ್ಥವಾಗಲಿಲ್ಲ. ತಾರೀಖುಗಳನ್ನು ಓದುತ್ತಾ ಹೋದಂತೆ ನೆನಪಾಯಿತು. ಆಗಿನ ಕಂಪ್ಯೂಟರುಗಳು ಹೊತ್ತಲ್ಲದ ಹೊತ್ತಿನಲ್ಲಿ ಸಾಯುತ್ತಿದ್ದವು. ಹೆದರಿ, ಪ್ರತಿ ಸಂಜೆ ಪಿನ್ನಿನ ನಕ್ಷೆಯನ್ನು ಹೊಸದೊಂದು ಹೆಸರಿನಲ್ಲಿ ಉಳಿಸಿ ಮನೆಗೆ ಹೋಗುತ್ತಿದ್ದಳು. ಹಾಗೆ ಮೂವತ್ತೊಂದು ಪ್ರತಿ. ಪಿನ್ನು ಮುರಿದ ದಿನ ತಪ್ಪು ತಿದ್ದಲು ಹಿಡಿದದ್ದು ಅರ್ಧ ಗಂಟೆ. ತಿದ್ದಿದ್ದನ್ನು ಹೊಸ ಹೆಸರಿನಲ್ಲಿ ಮೂವತ್ತೆರಡನೇ ಪ್ರತಿಯಾಗಿ ಉಳಿಸಿದ್ದಳು. ಉಳಿದವನ್ನು ಅಳಿಸಲು ಹೋದರೆ ಯಾಕೆಂದು ಯಾರಾದರೂ ಕೇಳಿಯಾರು ಎಂಬ ಭಯಕ್ಕೆ ಹಾಗೇ ಬಿಟ್ಟಿದ್ದಳು. ಅಳಿಯ ಎಲ್ಲವನ್ನೂ ಓದಿದ್ದ. ಮೂವತ್ತೊಂದು ಒಂದು ಕಡೆ, ಒಂದು ಇನ್ನೊಂದು ಕಡೆ. ಯಾವುದು ಈ ಕಚೇರಿಯ ಪದ್ಧತಿ ಎಂದು ತೀರ್ಮಾನಿಸಲು ಅವನಿಗೆ ಕಷ್ಟವೇನೂ ಆಗಿರಲಿಲ್ಲ.

ಮೂವತ್ತೊಂದನ್ನೂ ಒಟ್ಟಿಗೆ ಗುರುತು ಹಾಕಿದಳು. ಅಳಿಸಲೇ ಎಂದು ಯಂತ್ರ ಕೇಳಿತು. ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಮುಗಿಯಿತು. ನಿನ್ನೆಯ ನಕ್ಷೆಯನ್ನು ಸುಮ್ಮನೆ ತಿದ್ದಿ ವಾಪಸು ಕೊಟ್ಟರಾಯಿತು. ಯಾರು ಕೇಳುತ್ತಾರೆ?

ಒತ್ತುವ ಮೊದಲು ಅವಳ ಕಣ್ಣು ಪಟ್ಟಿಯ ಕೆಳಗಿನ ಸಾಲಿಗೆ ಹೋಯಿತು. ಈ ಪಿನ್ನು ಬಳಕೆಯಾದದ್ದು ಎರಡು ಸಲ. ಒಂದು, ಓರಗಿತ್ತಿಯ ಹೊಸ ಯಂತ್ರಕ್ಕೆ. ಇನ್ನೊಂದು, ಎಂಟು ದಿನ ಮುಂಚೆ, ರಿಪೇರಿಯವರಿಗೆ. ವೃದ್ಧರ ಶುಶ್ರೂಷಾಲಯವೊಂದಕ್ಕೆ ಸವೆದ ಪಿನ್ನಿನ ಬದಲಿಗೆ ಕಳಿಸಿದ ಬಿಡಿಭಾಗ. ಬಿಡಿಭಾಗಕ್ಕೆ ಅವಳ ಸಹಿ ಬೇಕಿರಲಿಲ್ಲ. ಅದನ್ನು ಆಗಲೇ ಕೂರಿಸಿಯೂ ಆಗಿತ್ತು.

"ನನ್ನ ಜಾಗದಲ್ಲಿ ಏನು ಹುಡುಕ್ತಿದ್ದೀರಿ?"

ಓರಗಿತ್ತಿ ಬಾಗಿಲಲ್ಲಿ ನಿಂತಿದ್ದಳು. ಓಡಿಬಂದವಳಂತೆ ಏದುಸಿರು. ಬೆಳಿಗ್ಗೆ ಎದ್ದು ನೋಡುವಾಗ ಅಕ್ಕನ ಚೀಲವಿಲ್ಲದ್ದು ಕಂಡು ಅವಳಿಗೂ ಅನುಮಾನ ಬಂದಿರಬೇಕು.

"ಬಾ ಇಲ್ಲಿ. ಕೂತ್ಕೋ" ಎಂದಳು ಸ್ಕೇಲಕ್ಕ. "ನಿನ್ನೆ ನೀನು ನೇರವಾಗಿ ಕೇಳಿ ಅಂದ್ಯಲ್ಲ. ನೇರವಾಗಿ ಹೇಳ್ತೀನಿ, ಕೇಳು."

ಹೇಳಿದಳು. ಮೇಷ್ಟ್ರು, ಮರಳಿನ ಮೂಟೆ, ಆಸ್ಪತ್ರೆ, ಎಲ್ಲವನ್ನೂ. ಓರಗಿತ್ತಿ ಹೆಗಲಿನ ಚೀಲ ಇಳಿಸದೆಯೇ ಕೂತು ಕೇಳಿದಳು. ಕೊನೆಗೆ, "ಅದಕ್ಕೇ ನನ್ನನ್ನ ಕಳ್ಳಿ ಮಾಡಿದ್ರಾ?" ಎಂದಳು. ಆಮೇಲೆ ಪರದೆ ನೋಡಿ, "ಶುಶ್ರೂಷಾಲಯದವರಿಗೆ ಫೋನ್ ಮಾಡಿದ್ರಾ?"

"ಇಲ್ಲ."

"ಮಾಡಿ ಮೊದಲು. ಆ ಯಂತ್ರ ಮುಟ್ಟಬೇಡಿ ಅನ್ನಿ."

ಯಜಮಾನರು ಬಂದಾಗ ಫೋನು ಆಗಿತ್ತು, ಫಿಟ್ಟರ್ ಸರಿಯಾದ ಪಿನ್ನನ್ನು ಲೇತ್ ಯಂತ್ರದಲ್ಲಿ ಕಡೆಯಲು ನಿಂತಿದ್ದ. ಯಜಮಾನರು ಕೇಳಿದ್ದೇ ತಡ ಸಾಫ್ಟ್‌ವೇರ್ ಮಾರಿದವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ನಿಮ್ಮ ಸಾಧನ ತಪ್ಪು ಪಿನ್ ಕೊಟ್ಟಿದೆ. ಇವತ್ತೇ ಪತ್ರ ಬರೀತೀನಿ ನಿಮ್ಮ ಕಂಪನಿಗೆ."

"ಸರ್, ಅದು ತಾನಾಗಿ ಏನೂ ಮಾಡಲ್ಲ ಸರ್. ನಿಮ್ಮಲ್ಲಿರೋದನ್ನೇ ಕಲಿಯುತ್ತೆ."

"ಅವನು ಹೇಳೋದು ಸರಿ" ಎಂದಳು ಸ್ಕೇಲಕ್ಕ. ಯಜಮಾನರು ಹುಬ್ಬು ಗಂಟಿಕ್ಕಿ ಅವಳತ್ತ ನೋಡಿದರು. ತಪ್ಪನ್ನು ಹೊತ್ತುಕೊಳ್ಳಲು ಒಬ್ಬ ಸಿಕ್ಕಿರುವಾಗ ಇವಳೇಕೆ ಅಡ್ಡ ಬರುತ್ತಿದ್ದಾಳೆ ಎಂಬುದು ಅವರ ಮುಖದಲ್ಲಿತ್ತು. "ನನ್ನ ನಕ್ಷೆಯಿಂದ ಕಲಿತದ್ದು ಅದು. ಪತ್ರದಲ್ಲಿ ಅದನ್ನೂ ಬರೀರಿ." ಅವಳು ಫೋನಿನತ್ತ ಬಾಗಿದಳು. "ಒಂದು ಮಾತು. ಆ ಹಳೇ ಫೈಲುಗಳನ್ನ ತೆಗೆದುಹಾಕಿದ್ರೆ ಮರೆಯುತ್ತಾ?"

"ಸಾಮಾನ್ಯವಾಗಿ ಮರೆಯುತ್ತೆ ಮೇಡಂ."

"ಸಾಮಾನ್ಯವಾಗಿ!" ಎಂದು ಫಿಟ್ಟರ್ ಬಾಗಿಲಿನಿಂದಲೇ ಅಣಕಿಸಿದ.

ಫೋನಿಟ್ಟ ಮೇಲೆ, ಹಳೆಯದನ್ನೆಲ್ಲ ಸ್ಕೇಲಕ್ಕನ ಬಾಯಿಂದಲೇ ಕೇಳಿ, ಯಜಮಾನರು ಬಹಳ ಹೊತ್ತು ಕನ್ನಡಕ ಒರೆಸಿದರು. "ಹತ್ತೊಂಬತ್ತು ವರ್ಷ ನಿಮ್ಮ ಸಹಿ ಕಂಡ ಮೇಲೆ ನಾನು ಒಂದು ಕಾಗದಾನೂ ತಿರುಗಿಸಿ ನೋಡಿಲ್ಲ" ಎಂದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಇವತ್ತಿಂದ ನಿಮ್ಮ ಸಹಿ ಪಕ್ಕ ಇನ್ನೊಂದು ಸಹಿ ಇರಲಿ. ಇವರದ್ದು." ಓರಗಿತ್ತಿಯತ್ತ ಬೆರಳು ಮಾಡಿದರು. ಅವಳು ಈ ಸಲ ನೆಲವನ್ನೂ ನೋಡಲಿಲ್ಲ, ನಗಲೂ ಇಲ್ಲ.

ಮಧ್ಯಾಹ್ನ ಫಿಟ್ಟರ್ ಜೊತೆ ಇಬ್ಬರೂ ಕಂಪನಿಯ ವ್ಯಾನಿನಲ್ಲಿ ಶುಶ್ರೂಷಾಲಯಕ್ಕೆ ಹೊರಟರು. ದಾರಿಯಲ್ಲಿ ಓರಗಿತ್ತಿ ಹೊಸ ಪಿನ್ನನ್ನು ಕೈಗೆ ತೆಗೆದುಕೊಂಡು, ಸ್ಕೇಲಕ್ಕನ ಚೀಲದಿಂದ ಕೇಳದೆಯೇ ಸ್ಕೇಲು ಎಳೆದು, ತೋಡಿನ ಜಾಗ ಅಳೆದಳು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ. ಸ್ಕೇಲಕ್ಕ ಕಿಟಕಿಯಾಚೆ ನೋಡುತ್ತಿದ್ದಳು, ಆದರೆ ಎರಡೂ ಸಲ ಎಣಿಸಿದಳು.

ಯಂತ್ರವಿದ್ದದ್ದು ಮೊದಲ ಮಹಡಿಯ ಉದ್ದನೆಯ ಕೋಣೆಯಲ್ಲಿ. ದಪ್ಪನೆಯ ಮುದುಕರೊಬ್ಬರು ಬೆಳಿಗ್ಗೆಯಿಂದ ಹಾಸಿಗೆಯಲ್ಲೇ ಬಿದ್ದುಕೊಂಡು ಸಿಡಿಮಿಡಿಗೊಂಡಿದ್ದರು. "ಕಿಟಕಿ ಹತ್ರ ಕೂರಿಸಿ ಅಂತ ಆಗ್ಲಿಂದ ಬಡ್ಕೊಳ್ತಿದ್ದೀನಿ. ಈ ದರಿದ್ರ ಯಂತ್ರಕ್ಕೆ ಏನು ರೋಗ?"

ದಾದಿ ಸ್ಕೇಲಕ್ಕನ ಮುಖ ನೋಡಿದಳು. "ಪಿನ್ನಿನ ನಕ್ಷೆ ತಪ್ಪಾಗಿತ್ತು ತಾತಾ" ಎಂದಳು ಸ್ಕೇಲಕ್ಕ. "ಬರೆದದ್ದು ನಾನು."

ಮುದುಕರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ? ಈಗ ಸರಿ ಇದೆ ಅಂತ ಏನು ಗ್ಯಾರಂಟಿ?"

ಫಿಟ್ಟರ್ ಹಳೆಯ ಪಿನ್ನನ್ನು ಹೊಡೆದು ಹೊರತೆಗೆದು ಅವಳ ಅಂಗೈಗೆ ಹಾಕಿದ. ಬೆಳಕಿಗೆ ಹಿಡಿದು ತಿರುಗಿಸಿದಳು. ತೋಡಿನ ತಳದಲ್ಲಿ ಕೂದಲಿನಷ್ಟು ಸಣ್ಣ ಗೆರೆಯೊಂದಿತ್ತೋ, ಗ್ರೀಸಿನ ಕಲೆಯೋ, ಉಗುರಿನಿಂದ ಕೆರೆದರೂ ಗೊತ್ತಾಗಲಿಲ್ಲ. ಹೊಸ ಪಿನ್ನು ಕೂತಿತು. ಫಿಟ್ಟರ್ ಯಂತ್ರದ ತೋಳಿಗೆ ನೇತುಹಾಕಿದ್ದ ಬಟ್ಟೆಯ ಜೋಳಿಗೆಯಲ್ಲಿ ತಾನೇ ಕೂತು ಮೂರು ಸಲ ಮೇಲೆ ಕೆಳಗೆ ಹೋಗಿಬಂದ.

ಆಮೇಲೆ ದಾದಿ ಮುದುಕರನ್ನು ಜೋಳಿಗೆಯಲ್ಲಿ ಸುತ್ತಿ ಗುಂಡಿ ಒತ್ತಿದಳು. ಯಂತ್ರ ಗುಂಯ್ಗುಟ್ಟಿತು. ಅವರ ಬೆನ್ನು, ತೊಡೆ, ಕೊನೆಗೆ ಹಿಮ್ಮಡಿಗಳು ಹಾಸಿಗೆ ಬಿಟ್ಟವು. ಬೈಯುತ್ತಿದ್ದವರು ನೆಲ ತಪ್ಪಿದ ಕೂಡಲೇ ಸುಮ್ಮನಾದರು. ಗಾಳಿಯಲ್ಲಿ ನೇತಾಡುತ್ತಿದ್ದ ಕಾಲುಗಳಲ್ಲಿ ಒಂದರ ಕಾಲ್ಚೀಲ ಅರ್ಧ ಜಾರಿತ್ತು. ಓರಗಿತ್ತಿ ಮುಂದೆ ಬಂದು, ಬಗ್ಗಿ, ಅದನ್ನು ಹಿಮ್ಮಡಿಯ ಮೇಲಕ್ಕೆ ಎಳೆದು ಸರಿ ಮಾಡಿದಳು.